ಪಕ್ಷಿಗಳನ್ನು ಅರಿಯುವ ಬಗೆ: ವೀಕ್ಷಣೆ, ಗ್ರಂಥಾಧ್ಯಯನ ಮತ್ತು ವಿಜ್ಞಾನ

ಪಕ್ಷಿಧಾಮಗಳ ಪ್ರವೇಶ, ಛಾಯಾಗ್ರಹಣ ಅಥವಾ ಅಧ್ಯಯನದ ಅನುಮತಿಯನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಅನೇಕರು ಪಕ್ಷಿಗಳ ವಿಷಯವಾಗಿ ತಿಳಿದುಕೊಳ್ಳಲು ಎಲ್ಲಿಂದ ಆರಂಭಿಸಬೇಕು, ಯಾವ ಪುಸ್ತಕಗಳನ್ನು ಓದಬೇಕು, ತಾವು ಕಂಡದ್ದನ್ನು ಹೇಗೆ ದಾಖಲಿಸಬೇಕು ಎಂದು ವಿಚಾರಿಸುವುದುಂಟು. ಅಂತಹವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಅನುಮತಿಗೆ ಸಂಬಂಧಿಸಿದ ಕಾನೂನಿನ ವಿವರಗಳನ್ನು ಕೊನೆಯ ಭಾಗದಲ್ಲಿ ನೀಡಲಾಗಿದೆ. ಅರ್ಜಿದಾರರು ಮೊದಲ ಭಾಗಗಳನ್ನೂ ಓದಿಕೊಳ್ಳುವುದು ಒಳ್ಳೆಯದು. ಏಕೆಂದರೆ ಪಕ್ಷಿಧಾಮದಲ್ಲಿ ಏನು ಮಾಡಬಾರದು ಎಂಬ ನಿಯಮಗಳ ಹಿಂದಿನ ಕಾರಣಗಳು ಪಕ್ಷಿಗಳ ಜೀವನಕ್ರಮದಲ್ಲಿಯೇ ಇವೆ.

ಮನೆಯ ಸುತ್ತಲಿನ ವೀಕ್ಷಣೆ

ಪಕ್ಷಿವೀಕ್ಷಣೆಗೆ ದೂರದ ಅರಣ್ಯಕ್ಕೆ ಹೋಗಬೇಕಾದ ಅಗತ್ಯವಿಲ್ಲ. ಹಿತ್ತಲಿನ ನುಗ್ಗೆಮರ, ಊರಿನ ಕೆರೆಯ ಏರಿ, ಶಾಲೆಯ ಮೈದಾನ ಇವೇ ಮೊದಲ ಪಾಠಶಾಲೆಗಳು. ಕೋಗಿಲೆಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇದರ ಕೂಗನ್ನು ಕೇಳದ ಕನ್ನಡಿಗರು ಇರಲಾರರು. ಆದರೆ ಹೆಣ್ಣು ಕೋಗಿಲೆಯನ್ನು ಗುರುತಿಸಬಲ್ಲವರು ವಿರಳ. ಗಂಡು ಹೊಳೆಯುವ ಕಪ್ಪು ಬಣ್ಣದ್ದು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ್ದಾಗಿದ್ದು ಮೈತುಂಬ ಬಿಳಿಯ ಚುಕ್ಕೆ ಮತ್ತು ಪಟ್ಟೆಗಳನ್ನು ಹೊಂದಿರುತ್ತದೆ. ಹೊಸದಾಗಿ ವೀಕ್ಷಣೆಗೆ ತೊಡಗಿದವರು ಇವೆರಡನ್ನು ಬೇರೆ ಬೇರೆ ಪಕ್ಷಿಗಳೆಂದು ಬರೆದುಕೊಳ್ಳುವುದು ಸಾಮಾನ್ಯ. ಚಳಿಗಾಲದಲ್ಲಿ ಕೂಗು ಕೇಳಿಸದ ಕಾರಣ ಕೋಗಿಲೆಯು ಊರು ಬಿಟ್ಟು ಹೋಗಿದೆ ಎಂಬ ತಪ್ಪು ತಿಳಿವಳಿಕೆಯೂ ಇದೆ. ವಾಸ್ತವವಾಗಿ ಅದು ಅದೇ ಆಲದ ಮರದಲ್ಲಿ ಹಣ್ಣು ತಿನ್ನುತ್ತ ಮೌನವಾಗಿರುತ್ತದೆ. ಕಾಗೆಗಳು ಗೂಡು ಕಟ್ಟುವ ಕಾಲ ಸಮೀಪಿಸಿದಾಗ ಮತ್ತೆ ಕೂಗತೊಡಗುತ್ತದೆ.

ಕೋಗಿಲೆಯು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವ ಸಂಗತಿ ನಮ್ಮ ಹಿರಿಯರಿಗೆ ಬಹುಕಾಲದಿಂದ ತಿಳಿದಿತ್ತು. ಪುಸ್ತಕದ ಓದು ಇಲ್ಲೊಂದು ತೊಡಕನ್ನು ಉಂಟುಮಾಡಬಲ್ಲದು. ಯುರೋಪಿನ ಕೋಗಿಲೆ ಜಾತಿಯ ಮರಿಯು ಆಶ್ರಯದಾತ ಪಕ್ಷಿಯ ಮೊಟ್ಟೆ ಮತ್ತು ಮರಿಗಳನ್ನು ಗೂಡಿನಿಂದ ಹೊರಕ್ಕೆ ತಳ್ಳುತ್ತದೆಂದು 1788ರಲ್ಲಿ ಎಡ್ವರ್ಡ್ ಜೆನ್ನರ್ ವರದಿ ಮಾಡಿದರು. ಸಿಡುಬಿನ ಲಸಿಕೆಯಿಂದ ಪ್ರಸಿದ್ಧರಾದ ವೈದ್ಯರು ಇವರೇ. ಆ ವಿವರಣೆಯನ್ನು ಓದಿದವರು ನಮ್ಮ ಕೋಗಿಲೆಯೂ ಹಾಗೆಯೇ ಮಾಡುತ್ತದೆಂದು ಭಾವಿಸುತ್ತಾರೆ. ಆದರೆ ನಮ್ಮ ಕೋಗಿಲೆಯ ಮರಿಯು ಸಾಮಾನ್ಯವಾಗಿ ಕಾಗೆಯ ಮರಿಗಳನ್ನು ಹೊರತಳ್ಳುವುದಿಲ್ಲ. ಅವುಗಳ ಜೊತೆಯಲ್ಲಿಯೇ ಬೆಳೆಯುತ್ತದೆ. ಒಂದು ದೇಶದ ಪುಸ್ತಕವನ್ನು ಇನ್ನೊಂದು ದೇಶದ ಮರಕ್ಕೆ ಅನ್ವಯಿಸುವ ಮುನ್ನ ಆ ಮರವನ್ನು ಒಮ್ಮೆ ನೋಡಬೇಕಾಗುತ್ತದೆ.

ಗುರುತಿಸುವಿಕೆಯಲ್ಲಿ ಬಣ್ಣವನ್ನೇ ನಂಬುವುದು ಆರಂಭಿಕರ ಸಾಮಾನ್ಯ ದೋಷವಾಗಿದೆ. ಬೆಳಕು ಹಿಂದಿನಿಂದ ಬಿದ್ದಾಗ ಎಲ್ಲ ಪಕ್ಷಿಗಳೂ ಕಪ್ಪಾಗಿಯೇ ಕಾಣುತ್ತವೆ. ಆದ್ದರಿಂದ ಮೊದಲು ಗಾತ್ರವನ್ನು ಗಮನಿಸತಕ್ಕದ್ದು. ಪರಿಚಿತ ಪಕ್ಷಿಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸುಲಭ ವಿಧಾನ: ಗುಬ್ಬಚ್ಚಿ ಸುಮಾರು 15 ಸೆಂ.ಮೀ., ಗೊರವಂಕ ಸುಮಾರು 23 ಸೆಂ.ಮೀ., ಊರಕಾಗೆ ಸುಮಾರು 43 ಸೆಂ.ಮೀ. ಉದ್ದವಿರುತ್ತವೆ. ಕಂಡ ಪಕ್ಷಿಯು ಗೊರವಂಕಕ್ಕಿಂತ ದೊಡ್ಡದೇ, ಕಾಗೆಗಿಂತ ಚಿಕ್ಕದೇ ಎಂದು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಅನಂತರ ಕೊಕ್ಕಿನ ಆಕಾರ, ಬಾಲದ ಉದ್ದ, ಹಾರುವ ರೀತಿ, ನೆಲದ ಮೇಲೆ ನಡೆಯುವುದೋ ಕುಪ್ಪಳಿಸುವುದೋ ಎಂಬುದು, ಕೂಗು ಇವನ್ನು ಗಮನಿಸಬಹುದು. ಸೂರಕ್ಕಿ ಮತ್ತು ಬದನಿಕೆ ಹಕ್ಕಿಗಳೆರಡೂ ಗುಬ್ಬಚ್ಚಿಗಿಂತ ಚಿಕ್ಕವು. ಎರಡೂ ಹೂವಿನ ಬಳಿ ಸುಳಿದಾಡುತ್ತವೆ. ಮೊದಲನೆಯದರ ಕೊಕ್ಕು ಬಾಗಿ ಉದ್ದವಾಗಿದ್ದು ಎರಡನೆಯದರದ್ದು ಗಿಡ್ಡವಾಗಿರುವುದರಿಂದ ಬಣ್ಣ ಕಾಣದಿದ್ದರೂ ಗುರುತಿಸಬಹುದು.

ದುರ್ಬೀನು ಕಡ್ಡಾಯವಲ್ಲ, ಆದರೆ ಬಹಳ ಉಪಯುಕ್ತ. ಅದರ ಮೇಲೆ 8×40 ಎಂದು ಮುದ್ರಿತವಾಗಿದ್ದಲ್ಲಿ ಮೊದಲ ಸಂಖ್ಯೆಯು ವಸ್ತುವನ್ನು ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎಂಬುದನ್ನೂ ಎರಡನೆಯದು ಮುಂಭಾಗದ ಮಸೂರದ ವ್ಯಾಸವನ್ನು ಮಿಲಿಮೀಟರುಗಳಲ್ಲಿಯೂ ಸೂಚಿಸುತ್ತದೆ. ಹೆಚ್ಚು ವರ್ಧನೆಯ ದುರ್ಬೀನು ಉತ್ತಮವೆಂಬುದು ಸರಿಯಲ್ಲ. 10 ಪಟ್ಟಿಗಿಂತ ಮೇಲಾದರೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಚಿತ್ರ ಅಲುಗಾಡುತ್ತದೆ, ಕಾಣುವ ಪ್ರದೇಶವೂ ಕಿರಿದಾಗುತ್ತದೆ.

ಟಿಪ್ಪಣಿ ಪುಸ್ತಕ

ದಿನಾಂಕ, ವೇಳೆ, ಸ್ಥಳ, ಪಕ್ಷಿಗಳ ಸಂಖ್ಯೆ, ಅವು ಏನು ಮಾಡುತ್ತಿದ್ದವು ಎಂಬ ಐದು ವಿಷಯಗಳನ್ನು ಸ್ಥಳದಲ್ಲಿಯೇ, ಪುಸ್ತಕ ತೆರೆಯುವ ಮೊದಲೇ ಬರೆದುಕೊಳ್ಳತಕ್ಕದ್ದು. ಪುಸ್ತಕ ತೆರೆದ ಮೇಲೆ ಬರೆದರೆ, ಕಂಡದ್ದಕ್ಕಿಂತ ಚಿತ್ರದಲ್ಲಿರುವುದೇ ಟಿಪ್ಪಣಿಗೆ ಇಳಿಯುವ ಸಂಭವವಿದೆ. ಗುರುತು ಸಿಗದ ಪಕ್ಷಿಗೆ ಊಹೆಯ ಹೆಸರು ಕೊಡುವ ಬದಲು "ಗುರುತು ಸಿಗಲಿಲ್ಲ" ಎಂದೇ ಬರೆಯುವುದು ಲೇಸು.

ಟಿಪ್ಪಣಿಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳುವುದೂ ಅಗತ್ಯ. ಭಾರತದ ಪಕ್ಷಿಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರೂ 1885ರಲ್ಲಿ ಕಾಂಗ್ರೆಸ್ ಸ್ಥಾಪನೆಗೆ ಕಾರಣರಾದವರೂ ಆದ ಎ.ಓ. ಹ್ಯೂಮ್ ಅವರು ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳನ್ನು ಶಿಮ್ಲಾದ ಅವರ ಮನೆಯಿಂದ ಸೇವಕನೊಬ್ಬನು ರದ್ದಿಗೆ ಮಾರಿಬಿಟ್ಟನು. ಆ ನಷ್ಟದಿಂದ ನೊಂದ ಅವರು ಪಕ್ಷಿಗಳ ಅಧ್ಯಯನವನ್ನೇ ಕೈಬಿಟ್ಟು ತಮ್ಮ ಅಪಾರ ಸಂಗ್ರಹವನ್ನು ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು.

ಇಂದು ಟಿಪ್ಪಣಿಗಳನ್ನು ಇ-ಬರ್ಡ್ ಎಂಬ ಅಂತರ್ಜಾಲ ವ್ಯವಸ್ಥೆಗೆ ಸಲ್ಲಿಸುವ ಅವಕಾಶವಿದೆ. 2002ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದನ್ನು ನಮ್ಮ ದೇಶದ ಸಾವಿರಾರು ವೀಕ್ಷಕರು ಬಳಸುತ್ತಿದ್ದಾರೆ. ಸಲ್ಲಿಸುವಾಗ, ನಿಗದಿತ ಅವಧಿಯಲ್ಲಿ, ಉದಾಹರಣೆಗೆ 15 ನಿಮಿಷಗಳಲ್ಲಿ, ಕಂಡು ಗುರುತಿಸಿದ ಎಲ್ಲ ಪಕ್ಷಿಗಳನ್ನೂ ಪಟ್ಟಿ ಮಾಡಬೇಕು. ಕಾಗೆ, ಪಾರಿವಾಳಗಳನ್ನು ಬಿಟ್ಟು ಅಪರೂಪದ್ದನ್ನು ಮಾತ್ರ ಬರೆಯಬಾರದು. ಇದರ ಕಾರಣ ಸರಳವಾದುದು. ನೂರು ಪೂರ್ಣ ಪಟ್ಟಿಗಳಲ್ಲಿ ಒಂದು ಪಕ್ಷಿ ಮೊದಲು ನಲವತ್ತರಲ್ಲಿ ಕಾಣಿಸುತ್ತಿದ್ದು, ಹತ್ತು ವರ್ಷಗಳ ನಂತರ ಇಪ್ಪತ್ತರಲ್ಲಿ ಮಾತ್ರ ಕಾಣಿಸಿದರೆ ಅದು ಕಡಿಮೆಯಾಗಿದೆಯೆಂದು ಹೇಳಬಹುದು. ಪಟ್ಟಿ ಅಪೂರ್ಣವಾಗಿದ್ದರೆ ಪಕ್ಷಿ ಇರಲಿಲ್ಲವೋ, ಬರೆಯಲಿಲ್ಲವೋ ಎಂಬುದೇ ತಿಳಿಯುವುದಿಲ್ಲ.

ಹೀಗೆ 30,000ಕ್ಕೂ ಹೆಚ್ಚು ವೀಕ್ಷಕರು ನೀಡಿದ 3 ಕೋಟಿಗೂ ಅಧಿಕ ದಾಖಲೆಗಳನ್ನು ಆಧರಿಸಿ 2023ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು ಪ್ರಕಟವಾಯಿತು. ಅದರಲ್ಲಿ 942 ಪ್ರಭೇದಗಳನ್ನು ಪರಿಶೀಲಿಸಿ 178 ಪ್ರಭೇದಗಳಿಗೆ ಹೆಚ್ಚಿನ ಸಂರಕ್ಷಣಾ ಆದ್ಯತೆ ಬೇಕೆಂದು ಗುರುತಿಸಲಾಗಿದೆ. ಕೋಗಿಲೆಯ ಸಂಖ್ಯೆ ಹೆಚ್ಚುತ್ತಿದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠದ ಸಂಖ್ಯೆ ಇಳಿಮುಖವಾಗಿದೆ. ವಿದ್ಯುತ್ ತಂತಿಯ ಮೇಲೆ ಕುಳಿತ ನೀಲಕಂಠವನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ ಬೆಳೆದವರಿಗೆ ಇದು ನಂಬಲು ಕಷ್ಟವಾದ ಸುದ್ದಿ. ಆದರೆ ಸಾಮಾನ್ಯ ಪಕ್ಷಿಯೊಂದು ನಿಧಾನವಾಗಿ ಕಡಿಮೆಯಾಗುವುದು ಯಾರೊಬ್ಬರ ಕಣ್ಣಿಗೂ ಬೀಳದು, ಸಾವಿರಾರು ಜನರ ಟಿಪ್ಪಣಿಗಳನ್ನು ಕೂಡಿಸಿದಾಗ ಮಾತ್ರ ತಿಳಿಯುತ್ತದೆ.

ಗ್ರಂಥಗಳು ಮತ್ತು ಹೆಸರುಗಳು

ಭಾರತದ ಪಕ್ಷಿಗಳ ಬಗ್ಗೆ ಟಿ.ಸಿ. ಜೆರ್ಡಾನ್ ಅವರ ಸಂಪುಟಗಳು 1862 ರಿಂದ 1864ರ ಅವಧಿಯಲ್ಲಿ ಪ್ರಕಟವಾದವು. ಜನಸಾಮಾನ್ಯರ ಕೈಗೆ ಪಕ್ಷಿಗಳ ಪುಸ್ತಕವನ್ನು ತಲುಪಿಸಿದವರು ಡಾ. ಸಲೀಂ ಅಲಿ. ಅವರ ಭಾರತೀಯ ಪಕ್ಷಿಗಳ ಪುಸ್ತಕವು 1941ರಲ್ಲಿ ಮೊದಲು ಅಚ್ಚಾಗಿ ಅನೇಕ ಮುದ್ರಣಗಳನ್ನು ಕಂಡಿದೆ. ಡಿಲನ್ ರಿಪ್ಲಿ ಅವರೊಂದಿಗೆ ಅವರು ರಚಿಸಿದ ಹತ್ತು ಸಂಪುಟಗಳ ಕೈಪಿಡಿ 1968 ರಿಂದ 1974ರವರೆಗೆ ಹೊರಬಂದಿತು. ಕನ್ನಡದಲ್ಲಿ ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರ "ಕನ್ನಡ ನಾಡಿನ ಹಕ್ಕಿಗಳು", "ಮಿಂಚುಳ್ಳಿ", "ಹಕ್ಕಿ ಪುಕ್ಕ" ಕೃತಿಗಳು ಅನೇಕ ಓದುಗರನ್ನು ಪಕ್ಷಿವೀಕ್ಷಣೆಗೆ ಕರೆತಂದಿವೆ. ಹಳೆಯ ಪುಸ್ತಕಗಳನ್ನು ಬಳಸುವವರು ಒಂದು ವಿಷಯವನ್ನು ಗಮನಿಸಬೇಕು: ಪಕ್ಷಿಗಳ ಜೀವನಕ್ರಮದ ವಿವರಣೆ ಇಂದಿಗೂ ಬಹುಮಟ್ಟಿಗೆ ಸರಿಯಾಗಿರುತ್ತದೆ, ಆದರೆ "ಎಲ್ಲೆಡೆ ಸಾಮಾನ್ಯ" ಎಂಬ ಮಾತು ಇಂದು ನಿಜವಾಗಿರಬೇಕೆಂದಿಲ್ಲ. ರಣಹದ್ದುಗಳ ವಿಷಯದಲ್ಲಿ ಅದು ಸಂಪೂರ್ಣ ಸುಳ್ಳಾಗಿದೆ.

ಕನ್ನಡದ ಪಕ್ಷಿನಾಮಗಳು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ. ಇದನ್ನು ದೋಷವೆಂದು ಭಾವಿಸಬಾರದು. ಹರಟೆಮಲ್ಲ, ಮಡಿವಾಳ ಹಕ್ಕಿ, ಸಿಂಪಿಗ ಮುಂತಾದ ಹೆಸರುಗಳಲ್ಲಿ ಪಕ್ಷಿಯ ನಡವಳಿಕೆ, ಬಣ್ಣ, ಕಸುಬುಗಳೇ ಅಡಗಿವೆ. ನಾಗರಿಕರು ತಮ್ಮ ಊರಿನ ಹೆಸರನ್ನೂ ಟಿಪ್ಪಣಿಯಲ್ಲಿ ಬರೆದಿಡಬೇಕೆಂದು ಕೋರಲಾಗಿದೆ. ವೈಜ್ಞಾನಿಕ ನಾಮವು ಜಗತ್ತಿನಾದ್ಯಂತ ಒಂದೇ ಆಗಿರುತ್ತದೆ. ಹಾಗೆಂದು ಅದರ ಅರ್ಥ ಯಾವಾಗಲೂ ಸರಿಯಾಗಿರುತ್ತದೆಂದು ತಿಳಿಯಬಾರದು. ಗೀಜಗದ ನಾಮದಲ್ಲಿ ಫಿಲಿಪ್ಪೀನ್ಸ್ ದೇಶದ ಹೆಸರಿದೆ, ಆದರೆ ಗೀಜಗ ಆ ದೇಶದ ಪಕ್ಷಿಯಲ್ಲ. ಕೆಂಪು ಬುಡದ ಪಿಕಳಾರದ ನಾಮವು ಆಫ್ರಿಕದ ದಕ್ಷಿಣ ತುದಿಯನ್ನು ಸೂಚಿಸುತ್ತದೆ, ಆ ಪಕ್ಷಿಯು ಅಲ್ಲಿಯದಲ್ಲ. ಎರಡೂ 18ನೆಯ ಶತಮಾನದಲ್ಲಿ ಆದ ತಪ್ಪುಗಳು. ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬ ನಿಯಮದಿಂದಾಗಿ ಅವು ಇಂದಿಗೂ ಉಳಿದಿವೆ.

ವೀಕ್ಷಣೆಯು ವಿಜ್ಞಾನವಾಗುವ ಬಗೆ

1930ರಲ್ಲಿ ಸಲೀಂ ಅಲಿ ಅವರು ಜರ್ಮನಿಯಲ್ಲಿ ತರಬೇತಿ ಪಡೆದು ಹಿಂದಿರುಗಿದಾಗ ಅವರಿಗೆ ಉದ್ಯೋಗವಿರಲಿಲ್ಲ. ಮುಂಬಯಿಯ ಸಮೀಪದ ಕಿಹೀಂ ಎಂಬ ಕಡಲತೀರದ ಗ್ರಾಮದಲ್ಲಿ ವಾಸವಾಗಿದ್ದಾಗ ಮನೆಯ ಬಳಿ ಗೀಜಗಗಳ ಗೂಡುಗಳಿದ್ದವು. ಮಳೆಗಾಲದಲ್ಲಿ ದಿನದಿನವೂ ಅವನ್ನು ನೋಡುತ್ತ ಕುಳಿತ ಅವರಿಗೆ ಅಲ್ಲಿಯವರೆಗೆ ಯಾವ ಪುಸ್ತಕದಲ್ಲಿಯೂ ಸರಿಯಾಗಿ ದಾಖಲಾಗದ ಸಂಗತಿ ತಿಳಿಯಿತು. ಗಂಡು ಗೀಜಗಗಳು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತವೆ. ಹೆಣ್ಣುಗಳು ಗುಂಪಾಗಿ ಬಂದು ಗೂಡುಗಳನ್ನು ಪರೀಕ್ಷಿಸುತ್ತವೆ. ಹೆಣ್ಣೊಂದು ಒಪ್ಪಿದ ಮೇಲೆಯೇ ಗಂಡು ಆ ಗೂಡನ್ನು ಪೂರ್ತಿ ಮಾಡುತ್ತದೆ. ಅದು ಮೊಟ್ಟೆಯಿಟ್ಟು ಕಾವಿಗೆ ಕುಳಿತ ಕೂಡಲೇ ಗಂಡು ಇನ್ನೊಂದು ಗೂಡನ್ನು ಆರಂಭಿಸಿ ಮತ್ತೊಂದು ಹೆಣ್ಣಿಗಾಗಿ ಕಾಯುತ್ತದೆ. ಒಪ್ಪಿಗೆಯಾಗದ ಗೂಡುಗಳು ಅರ್ಧಕ್ಕೇ ನಿಲ್ಲುತ್ತವೆ. ಊರಿನ ಈಚಲು ಮರದಲ್ಲಿ ತೂಗುವ ಟೋಪಿಯಾಕಾರದ ಅಪೂರ್ಣ ಗೂಡುಗಳ ರಹಸ್ಯ ಇದು. ಗೀಜಗವು ಗೂಡಿನೊಳಗಿನ ಹಸಿಮಣ್ಣಿಗೆ ಮಿಂಚುಹುಳುಗಳನ್ನು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಎಂಬ ಕಥೆ ಪ್ರಚಲಿತವಾಗಿದೆ. ಗೂಡಿನಲ್ಲಿ ಮಣ್ಣಿನ ಮುದ್ದೆಗಳಿರುವುದು ನಿಜ, ದೀಪದ ವಿಷಯ ಕಥೆಯಷ್ಟೇ.

ಕಣ್ಣಿನ ವೀಕ್ಷಣೆಗೆ ಮಿತಿಯಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಎಲ್ಲಿಂದ ಬರುತ್ತವೆ ಎಂಬುದು ಏರಿಯ ಮೇಲೆ ನಿಂತವರಿಗೆ ತಿಳಿಯದು. ಅವು ಮಂಗೋಲಿಯ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತವೆ. ಹಕ್ಕಿಯ ಕಾಲಿಗೆ ಸಂಖ್ಯೆಯಿರುವ ಉಂಗುರ ತೊಡಿಸುವುದು, ಕೊರಳಿಗೆ ಬಣ್ಣದ ಪಟ್ಟಿ ಹಾಕುವುದು, ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಾಧನವನ್ನು ಅಳವಡಿಸುವುದು ಇವುಗಳಿಂದ ಈ ವಿಷಯ ಖಚಿತವಾಯಿತು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇಂತಹ ಹೆಬ್ಬಾತೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ವಿರಳ ಗಾಳಿಯಲ್ಲಿಯೂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಕೊರಳಪಟ್ಟಿ ಅಥವಾ ಉಂಗುರವಿರುವ ಪಕ್ಷಿಯನ್ನು ಕಂಡವರು ಅದರ ಬಣ್ಣ ಮತ್ತು ಅಕ್ಷರಗಳನ್ನು ಬರೆದುಕೊಂಡು ಅರಣ್ಯ ಕಚೇರಿಗೆ ಅಥವಾ 1883ರಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬಹುದು. ರೈತರೊಬ್ಬರು ಹೊಲದಲ್ಲಿ ಕಂಡ ಎರಡು ಅಕ್ಷರಗಳು ಸಾವಿರಾರು ಕಿಲೋಮೀಟರುಗಳ ದಾರಿಯನ್ನು ತಿಳಿಸಬಲ್ಲವು.

ರಣಹದ್ದುಗಳ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. 1980ರ ದಶಕದವರೆಗೆ ಸತ್ತ ದನಗಳನ್ನು ಹಾಕುವ ಊರ ಹೊರಗಿನ ಜಾಗಗಳಲ್ಲಿ ಇವು ನೂರುಗಟ್ಟಲೆ ಇಳಿಯುತ್ತಿದ್ದವು. ರಾಜಸ್ಥಾನದ ಭರತ್‌ಪುರದ ಉದ್ಯಾನದಲ್ಲಿ ಪಕ್ಷಿತಜ್ಞ ವಿಭು ಪ್ರಕಾಶ್ ಅವರು 1980ರ ದಶಕದಲ್ಲಿ ಗೂಡುಗಳನ್ನು ಎಣಿಸಿದ್ದರು. 1990ರ ದಶಕದಲ್ಲಿ ಮತ್ತೆ ಎಣಿಸಿದಾಗ ಸಂಖ್ಯೆ ಕುಸಿದಿತ್ತು, ಹದ್ದುಗಳು ಮರದಲ್ಲಿ ಕತ್ತು ಜೋಲಿಸಿ ಕುಳಿತು ಸಾಯುತ್ತಿದ್ದವು. ಮೊದಲಿನ ಎಣಿಕೆ ಇರದಿದ್ದಲ್ಲಿ ಕುಸಿತವನ್ನು ತೋರಿಸಲು ಆಧಾರವೇ ಇರುತ್ತಿರಲಿಲ್ಲ. ಸೋಂಕು ರೋಗವಿರಬಹುದೆಂದು ಮೊದಲು ಶಂಕಿಸಲಾಯಿತು. ಪಾಕಿಸ್ತಾನದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವು ನಿಜವಾದ ಕಾರಣವನ್ನು ತಿಳಿಸಿತು: ಜಾನುವಾರುಗಳ ನೋವಿಗೆ ನೀಡುತ್ತಿದ್ದ ಡೈಕ್ಲೋಫೆನಾಕ್ ಔಷಧ. ಅದರ ಅಂಶವಿರುವ ಮಾಂಸವನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ವಿಫಲವಾಗಿ ಅವು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ 1992 ರಿಂದ 2007ರೊಳಗೆ ಶೇ. 99ಕ್ಕೂ ಹೆಚ್ಚು ಇಳಿಯಿತು. ಭಾರತ ಸರ್ಕಾರವು ಜಾನುವಾರುಗಳಿಗೆ ಈ ಔಷಧವನ್ನು 2006ರಲ್ಲಿ ನಿಷೇಧಿಸಿತು. ಮನುಷ್ಯರ ಔಷಧವನ್ನೇ ದನಗಳಿಗೆ ಬಳಸುವುದನ್ನು ತಡೆಯಲು 2015ರಲ್ಲಿ ದೊಡ್ಡ ಸೀಸೆಗಳನ್ನೂ, 2023ರಲ್ಲಿ ಜಾನುವಾರುಗಳಿಗೆ ಕೀಟೋಪ್ರೋಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನೂ ನಿಷೇಧಿಸಲಾಯಿತು. ಮೆಲಾಕ್ಸಿಕಾಂ ಹದ್ದುಗಳಿಗೆ ಸುರಕ್ಷಿತವೆಂದು ಕಂಡುಬಂದಿದೆ. ಪಶುಪಾಲಕರು ಔಷಧ ಕೊಳ್ಳುವಾಗ ಪಶುವೈದ್ಯರಲ್ಲಿ ಈ ಹೆಸರನ್ನು ವಿಚಾರಿಸಬೇಕೆಂದು ಕೋರಲಾಗಿದೆ. ನಮ್ಮ ರಾಜ್ಯದಲ್ಲಿ ರಾಮನಗರದ ಬಳಿಯ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ.

ರಂಗನತಿಟ್ಟು ಮತ್ತು ಕೊಕ್ಕರೆಬೆಳ್ಳೂರು

ಶ್ರೀರಂಗಪಟ್ಟಣದ ಬಳಿ ಕಾವೇರಿಗೆ 17ನೆಯ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದಾಗಿ ರಂಗನತಿಟ್ಟಿನ ನಡುಗಡ್ಡೆಗಳು ಉಂಟಾದವು. ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸುತ್ತಿದ್ದಾಗ ಇಲ್ಲಿ ಗೂಡುಕಟ್ಟುವ ಪಕ್ಷಿಗಳನ್ನು ಕಂಡು ಮಹಾರಾಜರ ಗಮನಕ್ಕೆ ತಂದರು. 1940ರಲ್ಲಿ ಪಕ್ಷಿಧಾಮ ಘೋಷಣೆಯಾಯಿತು. 2022ರಲ್ಲಿ ಇದು ರಾಮ್ಸಾರ್ ಪಟ್ಟಿಗೆ ಸೇರಿದ ರಾಜ್ಯದ ಮೊದಲ ತಾಣವಾಯಿತು. ಬಣ್ಣದ ಕೊಕ್ಕರೆ, ಬಾಯ್ಕಳಕ, ಹೆಜ್ಜಾರ್ಲೆ, ನೀರುಕಾಗೆಗಳು ಇಲ್ಲಿ ಮರಿಮಾಡುತ್ತವೆ. ಈ ಕಿರುಧಾಮದಲ್ಲಿ ದೋಣಿಯು ಗೂಡಿಗೆ ಎಷ್ಟು ಹತ್ತಿರ ಹೋಗಬೇಕೆಂಬುದು ಸಣ್ಣ ವಿಷಯವಲ್ಲ. ತಾಯಿಹಕ್ಕಿಯು ಹೆದರಿ ಎದ್ದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಇಲ್ಲವೇ ಕಾಗೆ, ಹದ್ದುಗಳು ಮರಿಯನ್ನು ಒಯ್ಯುತ್ತವೆ. ಪ್ರವಾಸಿಗರು ದೋಣಿ ನಡೆಸುವವರನ್ನು ಇನ್ನೂ ಹತ್ತಿರ ಹೋಗುವಂತೆ ಒತ್ತಾಯಿಸಬಾರದು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನದು ಬೇರೆಯೇ ಬಗೆ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ, ಅತ್ತಿ ಜಾತಿಯ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. 1970ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇದನ್ನು ಹೊರಜಗತ್ತಿಗೆ ತಿಳಿಸಿದರು. ಊರಿನವರಿಗೆ ಅದು ತಲೆಮಾರುಗಳಿಂದ ತಿಳಿದ ವಿಷಯವೇ ಆಗಿತ್ತು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರವಾಗುತ್ತದೆ, ಹುಣಸೆಯ ಫಸಲು ನಷ್ಟವಾಗುತ್ತದೆ. ಆ ನಷ್ಟಕ್ಕಾಗಿ ಮರಗಳ ಮಾಲೀಕರಿಗೆ ಇಲಾಖೆಯಿಂದ ಹಣ ನೀಡುವ ಏರ್ಪಾಡು ಮಾಡಲಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಗ್ರಾಮದ ಹೆಜ್ಜಾರ್ಲೆ ಬಳಗದ ಯುವಕರು ಮಾಡುತ್ತ ಬಂದಿದ್ದಾರೆ. 2007ರಲ್ಲಿ ಗ್ರಾಮವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಇಲ್ಲಿಗೆ ಭೇಟಿ ನೀಡುವವರು ತಾವು ನಿಂತಿರುವುದು ಯಾರದೋ ಮನೆಯ ಅಂಗಳದಲ್ಲಿ ಎಂಬುದನ್ನು ಮರೆಯಬಾರದು. ಛಾಯಾಚಿತ್ರ ತೆಗೆಯುವ ಮುನ್ನ ಮನೆಯವರನ್ನು ಕೇಳತಕ್ಕದ್ದು.

ಕಾನೂನು ಮತ್ತು ಅನುಮತಿ

ವನ್ಯಜೀವಿ ಸಂರಕ್ಷಣಾ ಅಧಿನಿಯಮ 1972ರ ಪ್ರಕಾರ ಬೇಟೆ ಎಂಬುದರಲ್ಲಿ ಕೊಲ್ಲುವುದಷ್ಟೇ ಅಲ್ಲದೆ ಹಿಡಿಯುವುದು, ಕಾಡುಹಕ್ಕಿಗಳ ಮೊಟ್ಟೆಗಳನ್ನು ಹಾಳುಮಾಡುವುದು, ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದು ಸಹ ಸೇರುತ್ತವೆ. 2022ರ ತಿದ್ದುಪಡಿಯಿಂದ ಅನುಸೂಚಿಗಳನ್ನು ಪುನರ್ರಚಿಸಲಾಗಿದ್ದು ಅದು 2023ರ ಏಪ್ರಿಲ್ 1 ರಿಂದ ಜಾರಿಯಲ್ಲಿದೆ. ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿ ಸಾಕುವುದು ಅಪರಾಧವಾಗಿರುತ್ತದೆ. ಬಹುಕಾಲದಿಂದ ಮನೆಯಲ್ಲಿದೆ ಎಂಬ ಸಮಜಾಯಿಷಿ ಇದಕ್ಕೆ ಸಲ್ಲದು.

ಅಭಯಾರಣ್ಯದ ಪ್ರವೇಶಕ್ಕೆ ಅಧಿನಿಯಮದ 28ನೆಯ ಪ್ರಕರಣದಡಿ ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಮುಂತಾದ ಉದ್ದೇಶಗಳಿಗೆ ಅನುಮತಿ ನೀಡಬಹುದಾಗಿದೆ. ಸಾಮಾನ್ಯ ವೀಕ್ಷಕರು ಪಕ್ಷಿಧಾಮದ ದ್ವಾರದಲ್ಲಿ ಪ್ರವೇಶಪತ್ರ ಪಡೆದರೆ ಸಾಕು. ಪ್ರವಾಸಿಗರಿಗೆ ತೆರೆದಿರದ ಭಾಗಗಳಲ್ಲಿ ಅಧ್ಯಯನ ನಡೆಸುವವರು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅರ್ಜಿ ಸಲ್ಲಿಸಬೇಕು. ಪಕ್ಷಿಗಳನ್ನು ಹಿಡಿದು ಉಂಗುರ ತೊಡಿಸುವುದು, ರಕ್ತ ಅಥವಾ ಗರಿಗಳ ಮಾದರಿ ಪಡೆಯುವುದು ಇದ್ದಲ್ಲಿ 12ನೆಯ ಪ್ರಕರಣದಡಿ ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಅಧ್ಯಯನದ ಉದ್ದೇಶ, ಸ್ಥಳ, ಅವಧಿ, ವಿಧಾನ, ಜೊತೆಗೆ ಬರುವವರ ಹೆಸರುಗಳು, ವಿದ್ಯಾಸಂಸ್ಥೆಯ ಪತ್ರ ಇವುಗಳನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ನೀಡಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ. "ಪಕ್ಷಿಗಳ ಅಧ್ಯಯನಕ್ಕಾಗಿ" ಎಂದು ಒಂದೇ ಸಾಲು ಬರೆದ ಅರ್ಜಿಯು ಹೆಚ್ಚಿನ ವಿವರ ಕೋರಿ ಹಿಂದಿರುಗುವ ಸಂಭವವೇ ಹೆಚ್ಚು. ಗೂಡುಕಟ್ಟುವ ಋತುವಿಗೆ ಸಾಕಷ್ಟು ಮೊದಲೇ ಅರ್ಜಿ ಸಲ್ಲಿಸುವುದು ಸೂಕ್ತ.

ಪಕ್ಷಿಗಳನ್ನು ಸೆಳೆಯಲು ಅವುಗಳ ಕೂಗಿನ ಧ್ವನಿಮುದ್ರಿಕೆಯನ್ನು ನುಡಿಸುವುದು, ಗೂಡಿನ ಮರೆಯ ಕೊಂಬೆಗಳನ್ನು ಸರಿಸುವುದು, ಗೂಡಿಗೆ ಫ್ಲ್ಯಾಶ್ ಬೆಳಕು ಹಾಯಿಸುವುದು, ಡ್ರೋನ್ ಹಾರಿಸುವುದು ಇವುಗಳನ್ನು ಮಾಡಬಾರದು. ಗಾಯಗೊಂಡ ಪಕ್ಷಿ ಕಂಡಲ್ಲಿ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿರುವಂತೆ ಇಟ್ಟು, ಬಾಯಿಗೆ ನೀರು ಅಥವಾ ಆಹಾರ ಹಾಕದೆ, ಸಮೀಪದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೂಡಲೇ ತಿಳಿಸತಕ್ಕದ್ದು. ರೆಕ್ಕೆಪುಕ್ಕ ಬಂದು ನೆಲದ ಮೇಲೆ ಕುಪ್ಪಳಿಸುತ್ತಿರುವ ಮರಿಯು ಅನಾಥವೆಂದು ಭಾವಿಸಿ ಮನೆಗೆ ಒಯ್ಯಬಾರದು. ಹಾರಲು ಕಲಿಯುತ್ತಿರುವ ಇಂತಹ ಮರಿಗಳಿಗೆ ತಾಯಿತಂದೆಗಳು ಹತ್ತಿರದಲ್ಲಿಯೇ ಇದ್ದು ಗುಟುಕು ನೀಡುತ್ತಿರುತ್ತವೆ. ನಾಯಿ, ಬೆಕ್ಕುಗಳ ಭಯವಿದ್ದಲ್ಲಿ ಮರಿಯನ್ನು ಅಲ್ಲಿಯೇ ಸಮೀಪದ ಪೊದೆಯ ಮೇಲೆ ಕೂರಿಸಿ ದೂರ ಸರಿಯಬಹುದು.